ಪ್ರತಿಕ್ರಿಯೆ: ಸಾಫ್ಟ್‌ಬಾಲ್‌ನಲ್ಲಿ ಯಾರೂ ಚೆಂಡು ಮುಟ್ಟಿಸದೇ ಇದ್ರೂ ಮಗಳು ಔಟ್ ಯಾಕೆ?

ಸಾಫ್ಟ್‌ಬಾಲ್ ಆಟದಲ್ಲಿ ಯಾರೂ ಚೆಂಡು ಮುಟ್ಟಿಸದಿದ್ದರೂ ಮಗಳಿಗೆ ಔಟ್ ಕೊಟ್ಟಿದ್ದು ಯಾಕೆ ಅಂತ ಕೇಳಿದ್ದೀರಿ. ಕ್ಯಾಚ್ ಆದ ಮೇಲೆ ಅವಳು ಫಸ್ಟ್ ಬೇಸಿಗೆ (ಬೇಸ್ ಅಂದ್ರೆ ಓಡುವವರು ತುಳಿಯಬೇಕಾದ ಗುರುತಿನ ಜಾಗ) ವಾಪಸ್ ಬರಲಿಲ್ಲ, ಬಹುಶಃ ಅದಕ್ಕೇ ಔಟ್. ಹೊಡೆದ ಚೆಂಡು ಕ್ಯಾಚ್ ಆಯ್ತು, ಇವಳು ಸೆಕೆಂಡ್ ಬೇಸಿಗೆ ಓಡಿದಳು ಅಂತ ನೀವೇ ಬರೆದಿದ್ದೀರಲ್ವಾ. ಕ್ಯಾಚ್ ಆದರೆ ರನ್ನರ್ ತಾನಿದ್ದ ಬೇಸನ್ನು ಮತ್ತೆ ತುಳಿದೇ ಮುಂದೆ ಹೋಗಬೇಕು. ಅಷ್ಟರೊಳಗೆ ಚೆಂಡು ಕೈಯಲ್ಲಿರುವ ಫೀಲ್ಡರ್ ಆ ಬೇಸ್ ತುಳಿದರೆ ಸಾಕು, ಮೈಗೆ ಮುಟ್ಟಿಸೋದೇ ಬೇಡ.

ಇನ್ನೊಂದು ಕಾರಣವೂ ಇರಬಹುದು. ಫಾಸ್ಟ್‌ಪಿಚ್ (ಚೆಂಡನ್ನು ಜೋರಾಗಿ ಎಸೆಯುವ) ಸಾಫ್ಟ್‌ಬಾಲ್‌ನಲ್ಲಿ ಪಿಚರ್, ಅಂದ್ರೆ ಬ್ಯಾಟರ್‌ಗೆ ಚೆಂಡು ಎಸೆಯುವವಳು, ಕೈಯಿಂದ ಚೆಂಡು ಬಿಡುವ ಮೊದಲೇ ಬೇಸ್ ಬಿಟ್ಟರೂ ಔಟ್. ಅಂಪೈರ್ ಯಾವಾಗ ಕೂಗಿದರು ಅಂತ ಮಗಳನ್ನೇ ಕೇಳಿ.

ಇದನ್ನ ಅಭ್ಯಾಸ ಮಾಡಿಸೋಕೆ ಮೊದಲು ಸುಮ್ನೆ ಬೇಸ್ ಅಂತ ಎರಡು ಇಟ್ಟಿಗೆ ಇಡಿ, ನಡುವೆ 60 ಅಡಿ. ರಾಯಚೂರು ಬಿಸಿಲು ಗೊತ್ತಲ್ಲ, ಬೆಳಿಗ್ಗೆನೇ ಮುಗಿಸಿ. ನೀವು ಚೆಂಡನ್ನು ಮೇಲಕ್ಕೆ ಎಸೆಯಿರಿ, ಅವಳು ನಾಲ್ಕೈದು ಹೆಜ್ಜೆ ಹೋಗಿ ನಿಂತು ಚೆಂಡನ್ನೇ ನೋಡಲಿ. ಹಿಡಿದರೆ "ಹೊಳ್ಳಿ ಬಾ" ಅಂತ ಕೂಗಿ, ಬಿದ್ದರೆ "ಓಡು". ಬಳ್ಳಾರಿಯಲ್ಲಿ ನಾನು ಆಡಿಸುವ ಹುಡುಗಿಯರೆಲ್ಲ ಗಲ್ಲಿ ಕ್ರಿಕೆಟ್‌ನಿಂದ ಬಂದವರು, ಚೆಂಡು ಮೇಲೆ ಹೋದ್ರೆ ಸಾಕು ತಲೆ ತಗ್ಗಿಸಿ ಓಡ್ತಿದ್ರು, ಆ ಚಾಳಿ ಬಿಡಿಸೋಕೆ ಜಾಸ್ತಿ ದಿನ ಹಿಡೀತು.

ಆಮೇಲೆ ನೆಲದ ಹೊಡೆತ, ಅಂದ್ರೆ ಚೆಂಡು ನೆಲದ ಮೇಲೆ ಉರುಳಿ ಹೋಗೋದು. ಫಸ್ಟ್‌ನಲ್ಲಿದ್ದರೆ ನಿಲ್ಲೋ ಹಾಗಿಲ್ಲ, ಹಿಂದಿನಿಂದ ಬ್ಯಾಟರ್ ಬರ್ತಾಳೆ, ಸೆಕೆಂಡಿಗೆ ಓಡಲೇಬೇಕು. ಎರಡು ಔಟ್ ಆಗಿದ್ದರೆ ಎಂಥ ಹೊಡೆತವಾದರೂ ಹೊಡೆದ ತಕ್ಷಣ ಓಡಲಿ, ಕ್ಯಾಚ್ ಆದರೆ ಹೇಗೂ ಇನ್ನಿಂಗ್ಸ್ ಮುಗೀತು.