ವಾಲ್ವ್ ಸಣ್ಣಗಾಗಿದೆ, ಆದರೆ ಆಪರೇಷನ್ ಈಗಲೇ ಬೇಡ ಅಂತಾರೆ. ಈ ಭಯದಲ್ಲಿ ಹೇಗಿರೋದು?

ನಿಮ್ಮ ಅಯೋರ್ಟಿಕ್ ವಾಲ್ವ್ (ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲು) ಮಧ್ಯಮ ಮಟ್ಟಕ್ಕೆ ಸಣ್ಣಗಾಗಿದೆ, ವರ್ಷಕ್ಕೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರೆ ಸಾಕು ಅಂದಿದ್ದಾರೆ, ಆದರೆ ನಿಮಗೆ ನಿದ್ದೆ ಬರುತ್ತಿಲ್ಲ, ಒಂದೇ ಸಲ ಆಪರೇಷನ್ ಮುಗಿಸಿಕೊಂಡು ಬಿಡೋಣ ಅನ್ನಿಸುತ್ತಿದೆ, ಹಾಕಿಸಿದರೆ ಯಾವ ವಾಲ್ವ್ ಅನ್ನೋ ಪ್ರಶ್ನೆಯೂ ಇದೆ. ಇಷ್ಟೇ ಅಲ್ವಾ? ನನ್ನದೂ ಅದೇ ವಾಲ್ವ್. ಮೂರು ಎಸಳು ಇರಬೇಕಾದ ಕಡೆ ಹುಟ್ಟಿನಿಂದಲೇ ಎರಡಿತ್ತು. ವರ್ಷಗಟ್ಟಲೆ ಕಾದೆ, ಆಮೇಲೆ ಬದಲಾಯಿಸಿಕೊಂಡೆ. ನನ್ನ ಮಟ್ಟಿಗೆ ಆಪರೇಷನ್‌ಗಿಂತ ಕಾಯೋದೇ ಕಷ್ಟವಾಗಿತ್ತು.

ಡಾಕ್ಟರು ಸುಮ್ನೆ ಮುಂದೂಡುತ್ತಿಲ್ಲ. ಹೊಸ ವಾಲ್ವ್ ಯಾವುದೇ ಇರಲಿ, ಅದರ ಜೊತೆ ಅದರದೇ ತಾಪತ್ರಯ ಬರುತ್ತದೆ. ನಿಮ್ಮ ಸ್ವಂತ ವಾಲ್ವ್ ಇನ್ನೂ ಕೆಲಸ ನಡೆಸುತ್ತಿದ್ದರೆ ಅದನ್ನು ಬೇಗ ತೆಗೆಸಿ ಲಾಭವಿಲ್ಲ. ಎಕೋ ರಿಪೋರ್ಟ್ ಕೈಯಲ್ಲಿದ್ದರೆ ನೋಡಿ: ಚೆನ್ನಾಗಿರುವ ವಾಲ್ವ್ 3ರಿಂದ 4 ಚದರ ಸೆಂ.ಮೀ. ತೆರೆಯುತ್ತದೆ, 1ಕ್ಕಿಂತ ಕಡಿಮೆಯಾದರೆ ತೀವ್ರ ಅಂತಾರೆ. ರಕ್ತ ಹಾಯುವ ವೇಗ ಸೆಕೆಂಡಿಗೆ 4 ಮೀಟರ್ ಮುಟ್ಟಿದರೂ ತೀವ್ರವೇ. ಒಂದು ರಿಪೋರ್ಟಿನ ಅಂಕಿ ನೋಡಿ ಗಾಬರಿಯಾಗಬೇಡಿ, ಹಳೆಯದರ ಜೊತೆ ಹೋಲಿಸಿ ನೋಡಿ.

ಈ ಸಣ್ಣಗಾಗೋದನ್ನು ನಿಲ್ಲಿಸುವ ಮಾತ್ರೆ ಇಲ್ಲ. ಹಾಗಾಗಿ ಆ ಪುಡಿ, ಈ ಕಷಾಯ ಅನ್ನುವವರನ್ನು ದೂರವಿಡಿ.

ನೀವು ನಿಜವಾಗಿ ಗಮನಿಸಬೇಕಾದದ್ದು ಬೇರೆ. ಮೆಟ್ಟಿಲು ಹತ್ತುವಾಗ ಏದುಸಿರು, ನಡೆದಾಗ ಎದೆ ಹಿಡಿದ ಹಾಗಾಗೋದು, ಕಣ್ಣು ಕತ್ತಲೆ ಬರೋದು. ಇದು ಸಾಮಾನ್ಯವಾಗಿ ಒಂದೇ ದಿನ ಬರೋದಿಲ್ಲ, ನಿಧಾನವಾಗಿ ಬರುತ್ತದೆ, ಅಷ್ಟರಲ್ಲಿ ನಾವು ನಮಗೇ ಗೊತ್ತಿಲ್ಲದೆ ನಡಿಗೆ ನಿಧಾನ ಮಾಡಿರುತ್ತೇವೆ, ಲಿಫ್ಟ್ ಹುಡುಕುತ್ತೇವೆ, ಫೋನ್ ನೋಡುವ ನೆಪದಲ್ಲಿ ಮಧ್ಯದ ಮೆಟ್ಟಿಲಲ್ಲಿ ನಿಲ್ಲುತ್ತೇವೆ, ಆಮೇಲೆ ಡಾಕ್ಟರ್ ಕೇಳಿದರೆ 'ಏನೂ ತೊಂದರೆ ಇಲ್ಲ' ಅಂತೇವೆ. ನನ್ನ ವಿಷಯದಲ್ಲಿ ಇದನ್ನು ಮೊದಲು ಕಂಡುಹಿಡಿದದ್ದು ಹೆಂಡತಿ. ಮನೆಯವರನ್ನೇ ಕೇಳಿ, ಹೋದ ವರ್ಷಕ್ಕೂ ಈಗಕ್ಕೂ ವ್ಯತ್ಯಾಸ ಕಾಣುತ್ತಾ ಅಂತ.

ಯಾವ ವಾಲ್ವ್ ಅನ್ನೋ ಚಿಂತೆ ಈಗಲೇ ಬೇಡ, ಆದರೂ ಕೇಳಿದ್ದೀರಿ. ಲೋಹದ್ದು ಬಹಳ ಬಾಳಿಕೆ ಬರುತ್ತದೆ, ಆದರೆ ರಕ್ತ ತೆಳು ಮಾಡುವ ವಾರ್ಫರಿನ್ ಜೀವನಪೂರ್ತಿ ತಗೊಳ್ಳಬೇಕು, ಆಗಾಗ ಐಎನ್‌ಆರ್ ಪರೀಕ್ಷೆ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡೋದು) ಮಾಡಿಸಬೇಕು, ನೋವಿನ ಮಾತ್ರೆ ಕೂಡ ಕೇಳದೆ ನುಂಗುವ ಹಾಗಿಲ್ಲ. ಪ್ರಾಣಿಯ ಅಂಗಾಂಶದಿಂದ ಮಾಡಿದ್ದಕ್ಕೆ ಸಾಮಾನ್ಯವಾಗಿ ವಾರ್ಫರಿನ್ ಜೀವನಪೂರ್ತಿ ಬೇಕಾಗಲ್ಲ, ಆದರೆ ಆ ವಾಲ್ವ್ 10-20 ವರ್ಷದಲ್ಲಿ ಸವೆಯಬಹುದು. ಅದಕ್ಕೇ ಚಿಕ್ಕ ವಯಸ್ಸಿನವರಿಗೆ ಹೆಚ್ಚಾಗಿ ಲೋಹದ್ದು ಹೇಳುತ್ತಾರೆ. ಮುಂದೆ ಮಗು ಬೇಕು ಅನ್ನುವ ಹೆಣ್ಣುಮಕ್ಕಳ ಲೆಕ್ಕ ಬೇರೆ, ವಾರ್ಫರಿನ್ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಹುದು. ಎದೆ ತೆರೆಯದೆ ತೊಡೆಯ ರಕ್ತನಾಳದಿಂದ ವಾಲ್ವ್ ಕೂರಿಸುವ ವಿಧಾನವೂ 2002ರಿಂದ ಇದೆ, ಅದನ್ನು ಹೆಚ್ಚಾಗಿ ವಯಸ್ಸಾದವರಿಗೆ ಮಾಡುತ್ತಾರೆ.

ನನ್ನದು ಲೋಹದ್ದು. ಮೊದಲ ವಾರಗಳಲ್ಲಿ ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಂಡೇ ಕೆಮ್ಮಬೇಕಿತ್ತು, ಇಲ್ಲದಿದ್ದರೆ ಎದೆಮೂಳೆ ನೋವು ಜೀವ ತೆಗೆಯುತ್ತಿತ್ತು. ರಾತ್ರಿ ಗಡಿಯಾರದ ಹಾಗೆ ಟಿಕ್ ಟಿಕ್ ಕೇಳುತ್ತದೆ. ಶುರುವಿನಲ್ಲಿ ಹುಚ್ಚು ಹಿಡಿಯೋದೊಂದು ಬಾಕಿ, ಈಗ ಪಕ್ಕದಲ್ಲಿ ಮಲಗಿದವರು ಹೇಳಿದರೇನೇ ನೆನಪಾಗೋದು.

ಹಲ್ಲು ಚೆನ್ನಾಗಿಟ್ಟುಕೊಳ್ಳಿ. ಒಸಡಿನಿಂದ ರಕ್ತಕ್ಕೆ ಸೇರುವ ಸೋಂಕು ವಾಲ್ವಿನ ಮೇಲೆ ಕೂರಬಹುದು, ಇದನ್ನು ಯಾರೂ ಒತ್ತಿ ಹೇಳುವುದಿಲ್ಲ.

ಮುಂದಿನ ಸಲ ಹೋದಾಗ 'ಯಾವ ಹಂತಕ್ಕೆ ಬಂದರೆ ಆಪರೇಷನ್ ಅಂತೀರಿ?' ಅಂತ ನೇರವಾಗಿ ಕೇಳಿ, ಉತ್ತರ ಬರೆದುಕೊಳ್ಳಿ. ನಡುವೆ ಏದುಸಿರು, ಎದೆನೋವು, ತಲೆಸುತ್ತು ಏನೇ ಶುರುವಾದರೂ ಮುಂದಿನ ಎಕೋ ತಾರೀಖಿಗೆ ಕಾಯದೆ ಆಗಲೇ ಹೋಗಿ ತೋರಿಸಿ.