ಲೀಡರ್‌ಶಿಪ್ ಟೀಮಿಗೆ ಹಾಕಿದ್ರೆ ಬೇಜಾರು ಯಾಕೆ?

ಪ್ರಶ್ನೆ: ನಾವಿರೋದು ಅಮೆರಿಕದ ಡಲ್ಲಾಸ್ ಹತ್ರ, ಊರು ಹಾಸನ. ಮಗಳು ಹತ್ತನೇ ಕ್ಲಾಸು, ಸ್ಕೂಲಲ್ಲಿ ಆರ್ಮಿ ಜೂನಿಯರ್ ಆರ್‌ಒಟಿಸಿ, ಅಂದ್ರೆ ಇಲ್ಲಿನ ಸೈನ್ಯದವರು ಹೈಸ್ಕೂಲ್ ಮಕ್ಳಿಗೆ ನಡೆಸೋ ಕೆಡೆಟ್ ಕ್ಲಾಸು, ಸೇರಿದಾಳೆ. ಈಗ ಆ ಕೆಡೆಟ್‌ಗಳಿಗೇ ಇರೋ ಜೆಲ್ಯಾಬ್ ಕ್ವಿಜ್‌ಗೆ ಸೆಲೆಕ್ಟ್ ಆಗಿದಾಳೆ, ಆದ್ರೆ ಅಕಾಡೆಮಿಕ್ ಟೀಮಿಗಲ್ಲ, ಲೀಡರ್‌ಶಿಪ್ ಟೀಮಿಗೆ. ಓದಲ್ಲಿ ಹಿಂದೆ ಅಂತ ಹಾಗೆ ಮಾಡಿದ್ರಾ? ಮಾವನವರು ಬೇರೆ, ಕೊನೆಗೆ ಮಿಲಿಟರಿಗೆ ಎಳ್ಕೊಂಡು ಹೋಗ್ತಾರೆ ಅಂತ ದಿನಾ ಫೋನಲ್ಲಿ ಗಾಬರಿ ಮಾಡ್ಕೋತಾರೆ.

ಉತ್ತರ: ಮೊದ್ಲು ಮಾವನವರಿಗೆ ಸಮಾಧಾನ ಹೇಳಿ. ಇದು 1916ರ ಕಾನೂನಿನಿಂದ ಶುರುವಾದ ಸ್ಕೂಲ್ ಪ್ರೋಗ್ರಾಮು, ಪಾಠ ಮಾಡೋರು ಹೆಚ್ಚಾಗಿ ರಿಟೈರ್ ಆದ ಸೈನ್ಯದವರೇ, ಆದ್ರೆ ಸೇರಿದ ಮಕ್ಳು ಮುಂದೆ ಸೈನ್ಯಕ್ಕೆ ಹೋಗ್ಲೇಬೇಕು ಅನ್ನೋ ಕರಾರು ಯಾವ್ದೂ ಇಲ್ಲ. ನಮ್ಮ ಎನ್‌ಸಿಸಿ ಥರಾನೇ ಅಂದ್ಕೊಳ್ಳಿ. ನಾನೂ ಹೈಸ್ಕೂಲಲ್ಲಿ ಕೆಡೆಟ್ ಆಗಿದ್ದೆ, ಎ ಸರ್ಟಿಫಿಕೇಟ್ ತಗೊಂಡೆ, ಆಮೇಲೆ ಬಂದಿದ್ದು ಪತ್ರಿಕೆ ಕೆಲ್ಸಕ್ಕೆ.

ಇನ್ನು ಟೀಮಿನ ವಿಷ್ಯ. ಜೆಲ್ಯಾಬ್ ಅಂದ್ರೆ ಲೀಡರ್‌ಶಿಪ್ ಅಂಡ್ ಅಕಾಡೆಮಿಕ್ ಬೌಲ್, ಹೆಸ್ರಲ್ಲೇ ಲೀಡರ್‌ಶಿಪ್ ಮೊದ್ಲು ಬರುತ್ತೆ ನೋಡಿ. ಅಕಾಡೆಮಿಕ್ ಟೀಮಿಗೆ ಇಂಗ್ಲಿಷು, ಮ್ಯಾಥ್ಸು, ಸೈನ್ಸು, ಹೆಚ್ಚುಕಮ್ಮಿ ಅಲ್ಲಿ ಕಾಲೇಜು ಸೇರೋಕೆ ಬರೆಯೋ ಎಸ್‌ಎಟಿ, ಎಸಿಟಿ ಪರೀಕ್ಷೆ ಥರದ್ದು, ಅದನ್ನ ನಮ್ಮವರ ಮನೆಗಳಲ್ಲಿ ಹೇಗೂ ಓದಿಸ್ತಾರೆ. ಲೀಡರ್‌ಶಿಪ್ ಟೀಮಿಗೆ ಅವರ ಕೆಡೆಟ್ ಪಾಠಗಳು, ಪೌರತ್ವ, ಸೈನ್ಯದ ಏಳು ಮೌಲ್ಯಗಳು ಇವೆಲ್ಲ ಚೆನ್ನಾಗಿ ಗೊತ್ತಿರ್ಬೇಕು, ಇದಕ್ಕೆ ಯಾವ ಟ್ಯೂಷನ್ನೂ ಸಿಗಲ್ಲ, ಹಾಗಾಗಿ ಇದು ಕೆಳಗಿನ ಟೀಮು ಅನ್ನೋ ಮಾತನ್ನ ದಯವಿಟ್ಟು ಮಗಳ ಎದುರಿಗೆ ಆಡ್ಬೇಡಿ, ಹದಿನೈದು ವರ್ಷದ ಮನ್ಸಿಗೆ ಅಮ್ಮನ ಮುಖ ಸಪ್ಪಗಾಗಿದ್ದೇ ಸಾಕು, ಗೆದ್ದಿದ್ದೂ ಸೋತ ಹಾಗೆ ಕಾಣುತ್ತೆ.

ನಿಷ್ಠೆ, ಕರ್ತವ್ಯ, ಗೌರವ, ನಿಸ್ವಾರ್ಥ ಸೇವೆ, ಮಾನ, ಪ್ರಾಮಾಣಿಕತೆ, ಧೈರ್ಯ, ಇವೇ ಆ ಏಳು. ಇಂಗ್ಲಿಷಲ್ಲಿ ಇವುಗಳ ಮೊದಲಕ್ಷರ ಜೋಡಿಸಿದ್ರೆ ಲೀಡರ್‌ಶಿಪ್ ಅಂತ ಓದೋ ಹಾಗಿರುತ್ತೆ, ಬಾಯಿಪಾಠ ಅರ್ಧ ಗಂಟೆ ಕೆಲ್ಸ. ಕಷ್ಟ ಇರೋದು ಬೇರೆ ಕಡೆ. ರಾತ್ರಿ ಊಟಕ್ಕೆ ಕೂತಾಗ ಕೇಳಿ ನೋಡಿ: ನಿನ್ನ ಫ್ರೆಂಡು ಪರೀಕ್ಷೇಲಿ ಕಾಪಿ ಹೊಡೆದ್ಲು, ಟೀಚರ್ ನಿನ್ನೇ ಕರೆದು ಕೇಳ್ತಾರೆ, ಆಗ ನಿಷ್ಠೆ ದೊಡ್ದೋ ಪ್ರಾಮಾಣಿಕತೆ ದೊಡ್ದೋ? ಅವಳು ತಡವರಿಸ್ಲಿ, ನೀವು ಉತ್ತರ ಹೇಳ್ಕೊಡ್ಬೇಡಿ. ಟೀಮಲ್ಲೂ ಇದೇ ಅಭ್ಯಾಸ ಬೇಕು, ಪಕ್ಕದವಳಿಗೆ ಬೇರೆ ಉತ್ತರ ಅನ್ಸಿದ್ರೆ ಕೇಳಿಸ್ಕೊಂಡು, ತನ್ನದು ತಪ್ಪಿದ್ರೆ ಬಿಟ್ಟುಕೊಟ್ಟು, ಸರಿ ಇದ್ರೆ ಗಟ್ಟಿಯಾಗಿ ಹೇಳೋದು.

ಇನ್ನೊಂದು ಮಾತು. ಮೊದಲಿನ ಸುತ್ತುಗಳು ಆನ್‌ಲೈನು, ಅದ್ರಲ್ಲಿ ಮೇಲೆ ಬಂದ ಟೀಮುಗಳಿಗೆ ಫೈನಲ್ಸು ಜೂನಲ್ಲಿ ವಾಷಿಂಗ್ಟನ್ನಲ್ಲಿ ನಡೆಯುತ್ತೆ. ಬೇಸಿಗೆ ರಜಕ್ಕೆ ಹಾಸನಕ್ಕೆ ಬರೋ ಟಿಕೆಟ್ಟನ್ನ ರಿಸಲ್ಟ್ ಬರೋವರ್ಗೂ ಬುಕ್ ಮಾಡ್ಬೇಡಿ, ಮಾವನವರಿಗೂ ಅದನ್ನ ಮಗಳ ಬಾಯಿಂದಾನೇ ಹೇಳಿಸಿ.