ಹೂವೆಲ್ಲಿ ಎಂದು ಕೇಳಿದ್ದೀರಿ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಐರಿಶ್ ಕವಿ ಸೀಮಸ್ ಹೀನಿಯ ಮೊದಲ ಸಂಕಲನ ‘ಡೆತ್ ಆಫ್ ಎ ನ್ಯಾಚುರಲಿಸ್ಟ್’ ಕುರಿತು ನಾನು ಬರೆದಿದ್ದೆ. ಅದನ್ನು ಓದಿ ನೀವು ಪುಸ್ತಕವನ್ನೇ ತರಿಸಿಕೊಂಡಿರಿ ಎಂದು ತಿಳಿದು ಬಹಳ ಸಂತೋಷವಾಯಿತು. ಆಮೇಲೆ ಸಿಟ್ಟಾಗಿದ್ದೀರಿ. “ಪ್ರಕೃತಿಯ ಕವಿ, ಪಂಚೇಂದ್ರಿಯಗಳ ಕವಿ ಅಂತ ಹೊಗಳಿದಿರಿ. ತೆರೆದರೆ ಕೊಳೆತ ನಾರು, ಕಪ್ಪೆ, ಬೂಷ್ಟು ಹಿಡಿದ ಹಣ್ಣು. ಹೂವೆಲ್ಲಿ? ಆ ಕಪ್ಪೆ ಕವಿತೆ ಓದುವಾಗ ನಮ್ಮೂರ ಹಳ್ಳದಲ್ಲಿ ಪುಂಡಿ ಕೊಳೆಹಾಕುತ್ತಿದ್ದ ನಾತ ಮೂಗಿಗೆ ಬಂದು ಪುಸ್ತಕ ಮುಚ್ಚಿಟ್ಟೆ” ಎಂದು ಬರೆದಿದ್ದೀರಿ.

ಆ ಕೊನೆಯ ವಾಕ್ಯವನ್ನು ಮೂರು ಸಲ ಓದಿದೆ.

ಹೀನಿ ಹುಟ್ಟಿದ್ದು 1939ರಲ್ಲಿ, ಉತ್ತರ ಐರ್ಲೆಂಡಿನ ಡೆರಿ ಕೌಂಟಿಯ ಒಂದು ಒಕ್ಕಲು ಮನೆಯಲ್ಲಿ, ಒಂಬತ್ತು ಮಕ್ಕಳಲ್ಲಿ ಹಿರಿಯವನಾಗಿ. ಸಂಕಲನ ಬಂದಾಗ, 1966ರಲ್ಲಿ, ಅವನಿಗೆ 27. ಆ ಕಪ್ಪೆ ಕವಿತೆಯಲ್ಲಿ ಕೊಳೆಯುವುದು ಅಗಸಿಯ ನಾರು. ನಿಮ್ಮ ಕಡೆ ಅಗಸಿ ಎಂದರೆ ಚಟ್ನಿ. ಅಲ್ಲಿ ಅದನ್ನು ನಾರಿಗಾಗಿ, ಲಿನನ್ ಬಟ್ಟೆಗಾಗಿ ಬೆಳೆಯುತ್ತಿದ್ದರು. ದಂಟನ್ನು ಹೊಂಡದಲ್ಲಿ ಮುಳುಗಿಸಿ, ತೇಲದಂತೆ ಮೇಲೆ ಹುಲ್ಲುಹೆಂಟೆ ಹೇರುತ್ತಿದ್ದರು. ನಾರನ್ನು ದಂಟಿಗೆ ಹಿಡಿದಿಟ್ಟ ಅಂಟನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಿದಾಗ ನಾರು ಬಿಡಿಸಿಕೊಳ್ಳುತ್ತದೆ. ಪುಂಡಿಯದೂ ಇದೇ ಕತೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ಹೊಂಡದ ದಡದಲ್ಲಿ ಒಬ್ಬ ಹುಡುಗ ಕಪ್ಪೆಮೊಟ್ಟೆಯ ಲೋಳೆಯನ್ನು ಜಾಮ್ ಬಾಟಲಿಗೆ ತುಂಬಿಕೊಳ್ಳುತ್ತಾನೆ. ದಪ್ಪ ನೊಣಗಳ ಗುಂಯ್‌ಗಾನ ಆ ನಾತದ ಸುತ್ತ ತೆಳು ಬಟ್ಟೆ ನೇಯುತ್ತದೆ. ಶಾಲೆಯ ಟೀಚರು ಅಪ್ಪ ಕಪ್ಪೆ, ಅಮ್ಮ ಕಪ್ಪೆ ಎಂದು ಮುದ್ದಾಗಿ ಪಾಠ ಮಾಡುತ್ತಾರೆ. ಒಂದು ದಿನ ಹೊಂಡದ ತುಂಬ ಗಂಟಲುಬ್ಬಿಸಿ ಕೂತ ಕಪ್ಪೆಗಳನ್ನು ಕಂಡ ಹುಡುಗ, ಕೈ ಅದ್ದಿದರೆ ಆ ಲೋಳೆಯೇ ತನ್ನನ್ನು ಹಿಡಿದುಕೊಂಡೀತೆಂದು ಓಡಿಬರುತ್ತಾನೆ. ಮೈಯ ಬಗ್ಗೆ, ಹುಟ್ಟಿನ ಬಗ್ಗೆ ಮಗುವಿಗಾಗುವ ಮೊದಲ ಅಂಜಿಕೆಯನ್ನು ಪಾಠದ ಕಪ್ಪೆಗಳು ಹೇಳಲಾರವು.

ನಮ್ಮ ಪತ್ರಿಕೆಗೆ ಬರುವ ಪ್ರಕೃತಿ ಕವಿತೆಗಳಲ್ಲಿ ಹೆಚ್ಚಿನವು ಬರೀ ಕಣ್ಣಿನವು: ಬೆಳದಿಂಗಳು, ಹಸಿರು ಸೀರೆ, ಇಬ್ಬನಿಯ ಮುತ್ತು. ಯಾವ ಊರಿನ ಇಬ್ಬನಿ ಎಂದು ಗೊತ್ತಾಗುವುದಿಲ್ಲ. ಹೀನಿ ಬೆಣ್ಣೆ ಕಡೆಯುವ ದಿನದ ಬಗ್ಗೆ ಬರೆದಾಗ ರಟ್ಟೆ ಸೋಲುತ್ತದೆ, ಮರದ ಸಟ್ಟುಗ ಒದ್ದೆ ಬೆಣ್ಣೆಯನ್ನು ತಟ್ಟುವ ಸದ್ದು ಕೇಳುತ್ತದೆ, ಮನೆ ಗಂಧಕದ ಗಣಿಯಂತೆ ನಾರುತ್ತದೆ. ಹೊಳೆಯುವ ಬೆಣ್ಣೆಯೂ ಅಲ್ಲೇ ಇದೆ. ಒಂದನ್ನು ಬಿಟ್ಟು ಇನ್ನೊಂದನ್ನು ಬರೆಯಲು ಅವನಿಗೆ ಮನಸ್ಸಿಲ್ಲ.

ಹಣ್ಣಿನ ಕವಿತೆಯನ್ನು ದಯವಿಟ್ಟು ಇನ್ನೊಮ್ಮೆ ಓದಿ. ನಾವು ಕವಳಿ ಹಣ್ಣಿಗೆ ಮುಳ್ಳು ಗೀರಿಸಿಕೊಂಡು ಹೋಗುತ್ತಿದ್ದಂತೆ, ಆಗಸ್ಟ್ ಕೊನೆಯ ಮಳೆ ಬಿಸಿಲಿನಲ್ಲಿ ಅಲ್ಲಿನ ಮಕ್ಕಳು ಬ್ಲ್ಯಾಕ್‌ಬೆರಿ ಹಣ್ಣು ಕೀಳಲು ಸಿಕ್ಕ ಡಬ್ಬಿ ಹಿಡಿದು ಹೊರಡುತ್ತಾರೆ. ಮೊದಲ ಹಣ್ಣಿನ ರುಚಿ ಗಟ್ಟಿ ದ್ರಾಕ್ಷಾರಸದ ರುಚಿ. ಅದು ನಾಲಿಗೆಗೆ ಕಲೆಯನ್ನೂ ಆಸೆಯನ್ನೂ ಹಚ್ಚುತ್ತದೆ. ಆಸೆ ಹೆಚ್ಚಾಗಿ ಕೊಟ್ಟಿಗೆಯಲ್ಲಿ ರಾಶಿ ಹಾಕುತ್ತಾರೆ. ಇಲಿಬಣ್ಣದ ಬೂಷ್ಟು ಬರುತ್ತದೆ, ಸಿಹಿ ಹುಳಿಯಾಗುತ್ತದೆ, ಹುಡುಗನಿಗೆ ಅಳು. ಪ್ರತಿ ವರ್ಷವೂ ಹಣ್ಣು ಉಳಿದೀತೆಂದು ಆಸೆಪಡುತ್ತಾನೆ, ಉಳಿಯದೆಂದು ಬಲ್ಲ. ಬೂಷ್ಟನ್ನು ತೆಗೆದುಹಾಕಿ ನೋಡಿ, ಆ ಮೊದಲ ಹಣ್ಣಿನ ಸಿಹಿ ಅರ್ಧಕ್ಕರ್ಧ ಇಳಿದುಹೋಗುತ್ತದೆ.

ಇಡೀ ಸಂಕಲನ ಇದೇ ಎತ್ತರದಲ್ಲಿದೆ ಎನ್ನಲಾರೆ. ದ್ವಿತೀಯಾರ್ಧದ ಕೆಲವು ಕವಿತೆಗಳು ನನಗೂ ಸಪ್ಪೆ.

ಹೂವು ಕೇಳಿದಿರಲ್ಲ. 1953ರಲ್ಲಿ ಹೀನಿಯ ಪುಟ್ಟ ತಮ್ಮ ಕ್ರಿಸ್ಟೋಫರ್ ಕಾರಿಗೆ ಸಿಕ್ಕಿ ತೀರಿಕೊಂಡ. ಅದರ ಮೇಲಿನ ಕವಿತೆಯಲ್ಲಿ, ಮಗು ಮಲಗಿದ ಮಂಚದ ಪಕ್ಕ, ಮೇಣದಬತ್ತಿಗಳ ಜೊತೆ, ಸ್ನೋಡ್ರಾಪ್ ಎಂಬ ಬಿಳಿ ಹೂಗಳಿವೆ. ಆ ಮಗುವಿನ ಹಣೆಯಂಚಿನ ಗಾಯವೂ ‘ಪಾಪಿ’ (poppy) ಎಂಬ ಕೆಂಪು ಹೂವಿನ ಬಣ್ಣದ್ದು. ಆ ಹೂಗಳನ್ನು ಕಂಡಮೇಲೆ ನನಗೆ ಬೇರೆ ಹೂವು ಬೇಕೆನಿಸಲಿಲ್ಲ.

ಈಗ ನಿಮ್ಮ ವಾಕ್ಯಕ್ಕೆ ಬರುತ್ತೇನೆ. ಡೆರಿಯ ಹೊಂಡದ ನಾತ ಇಷ್ಟು ವರ್ಷಗಳ ಮೇಲೆ ನಿಮ್ಮೂರ ಹಳ್ಳದ ನಾತವನ್ನು ಎಬ್ಬಿಸಿತು. ಪಂಚೇಂದ್ರಿಯಗಳ ಕವಿ ಎಂದು ನಾನು ಬರೆದದ್ದು ಇದನ್ನೇ. ಪತ್ರದ ಜೊತೆ ಕಳಿಸಿದ ನಿಮ್ಮ ‘ವಸಂತಾಗಮನ’ವನ್ನು ಗೌರವದಿಂದಲೇ ಹಿಂದಿರುಗಿಸುತ್ತಿದ್ದೇನೆ. ಅದರ ಬದಲು ಆ ಹಳ್ಳದ ಬಗ್ಗೆ ಬರೆದು ಕಳಿಸಿ: ಪುಂಡಿ ಯಾರು ಹೊರುತ್ತಿದ್ದರು, ಸೊಂಟದ ತನಕ ನೀರಲ್ಲಿ ನಿಂತು ಯಾರು ಸುಲಿಯುತ್ತಿದ್ದರು, ಮನೆಗೆ ಬಂದಮೇಲೆ ಅವರ ಕೈ ಹೇಗೆ ನಾರುತ್ತಿತ್ತು. ಮುಂದಿನ ತಿಂಗಳ 10ರೊಳಗೆ ತಲುಪಿದರೆ ಯುಗಾದಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ